ಅಂಗಳದಡಿಯ ಚರಂಡಿ

ಇತಿಹಾಸದಲ್ಲಿ ಎಂ.ಎ. ಮುಗಿಸಿದ ಅವನನ್ನು ಬೀದಿಯವರು ‘ಹಳೇಕಾಲ’ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸೋತ ಮಗ ನಾಳೆಯಿಂದ ಸೋದರಮಾವನ ಟೈಲ್ಸ್ ಅಂಗಡಿಯಲ್ಲಿ ಕೂರಲಿ ಎಂದು ಅಮ್ಮ ತೀರ್ಮಾನಿಸಿಬಿಟ್ಟಿದ್ದಳು. ಒಮ್ಮೆ ಕೂತರೆ ಮತ್ತೆ ಏಳುವಂತಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಅವತ್ತೇ ಬೆಳಿಗ್ಗೆ, ಕೊಳವೆ ಹಾಕಿಸಲೆಂದು ಮಾವ ಅಂಗಡಿಯ ಅಂಗಳ ಅಗೆಸುತ್ತಿದ್ದಾಗ ಗುದ್ದಲಿ ಇಟ್ಟಿಗೆಗೆ ತಗುಲಿತು. ಒಡೆದು ಮುಂದೆ ಹೋಗಿ ಎಂದ ಮಾವ. ಹಳೇಕಾಲ ಓಡಿಬಂದು ಹೊಂಡಕ್ಕೆ ಧುಮುಕಿ, ಕಾವಿಗೆ ಕೂತ ಕೋಳಿಯ ಹಾಗೆ ಇಟ್ಟಿಗೆಗಳ ಮೇಲೆ ಕೂತುಬಿಟ್ಟ.

“ಅಳಿಯಂದ್ರೇ, ನಾಳೆಯಿಂದ ಕೂರೋಕೆ ಕುರ್ಚಿನೇ ಇದೆ. ಇವತ್ತು ಎದ್ದೇಳಿ,” ಎಂದ ಮಾವ.

ಅವನು ಏಳಲಿಲ್ಲ. ಎದುರಂಗಡಿಯ ದರ್ಜಿ ಕೊರಳಲ್ಲಿ ಅಳತೆ ಟೇಪಿನ ಸಮೇತ ಬಂದು, ನಿಧಿಯೇನಾದರೂ ಇದ್ದರೆ ಅದು ತನ್ನ ಗೋಡೆಯವರೆಗೂ ಹಬ್ಬಿರಬಹುದು ಎಂದ. ಸೊಂಟದ ಮೇಲೆ ಕೈಯಿಟ್ಟು ನಿಂತವರೆಲ್ಲ ತಲೆಗೊಂದು ಸಲಹೆ ಕೊಟ್ಟರು. ಅಷ್ಟರಲ್ಲಿ ಹಳೇಕಾಲ ಅಂಗೈಯಿಂದ ಮಣ್ಣು ಸರಿಸಿ ಸರಿಸಿ ಒಂದು ಕಾಲುವೆಯನ್ನೇ ಹೊರತೆಗೆದಿದ್ದ. ಇಟ್ಟಿಗೆಗಳ ನಡುವೆ ಉಗುರು ತೂರಿಸಲೂ ಸಂದಿಲ್ಲ. ಒಂದರ ಮೇಲೆ, ಹಸಿಯಿದ್ದಾಗ ಯಾರೋ ಒತ್ತಿದ ಬೆರಳ ಗುರುತು. ತನ್ನ ಬೆರಳುಗಳನ್ನು ಅದರಲ್ಲಿಟ್ಟ; ಸರಿಯಾಗಿ ಕೂತವು.

“ಮಾವ, ಇದು ಚರಂಡಿ. ನಮ್ಮೂರು ಹುಟ್ಟೋಕ್ಕಿಂತ ಮುಂಚಿನದು. ಸ್ವಲ್ಪ ನೀರು ಬಿಟ್ಟು ನೋಡಿ.”

ಮಾವ ಗೊಣಗುತ್ತಲೇ ಬಕೆಟ್ ಬಗ್ಗಿಸಿದ. ನೀರು ಹಳೆಯ ದಾರಿಯನ್ನು ನೆನಪಿಸಿಕೊಳ್ಳುವಂತೆ ಒಂದು ಕ್ಷಣ ನಿಂತು, ಆಮೇಲೆ ಸದ್ದಿಲ್ಲದೆ ಬೀದಿಯಡಿಯ ಕತ್ತಲೆಗೆ ಹರಿದುಹೋಯಿತು. ದೂರದಲ್ಲೆಲ್ಲೋ ಅದು ಬಿದ್ದ ಶಬ್ದ ಕೇಳಿಸಿತು. ಸಲಹೆಗಳು ನಿಂತವು. ಮಾವ ರಸಮಟ್ಟ ತಂದು ಇಳಿಜಾರು ಅಳೆದ. ಎಲ್ಲೂ ಕೂದಲೆಳೆಯಷ್ಟೂ ಏರುಪೇರಿಲ್ಲ. ಚಪ್ಪಲಿ ಬಿಟ್ಟು ಹೊಂಡಕ್ಕಿಳಿದ.

“ಯಾರಪ್ಪಾ ಇದನ್ನ ಕಟ್ಟಿದೋರು?” ಎಂದು ಮೆಲ್ಲಗೆ ಕೇಳಿದ.

ಹಳೇಕಾಲ ಹೇಳತೊಡಗಿದ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದಿದ್ದುದನ್ನೆಲ್ಲ ಹೇಳಿದ. ದರ್ಜಿ ನಿಧಿಯನ್ನೇ ಮರೆತ.

ಸುದ್ದಿ ತಿಳಿದು ಸಂಜೆ ಬಂದ ಪುರಾತತ್ವ ಇಲಾಖೆಯ ಅಧಿಕಾರಿ ಬಹಳ ಹೊತ್ತು ಮಂಡಿಯೂರಿ ನೋಡಿ, ಕನ್ನಡಕ ಒರೆಸಿಕೊಂಡು, ಹಳೇಕಾಲನ ಬೆನ್ನು ತಟ್ಟಿದರು. ಈ ಜಾಗ ಇನ್ನು ಇಲಾಖೆಯದು, ಬಂದವರಿಗೆ ತೋರಿಸಿ ವಿವರಿಸಲು ಒಬ್ಬ ಖಾಯಂ ಪಾಲಕ ಬೇಕು ಎಂದರು. ಅವನು ಕೈಯ ಮಣ್ಣು ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

“ನಿಯಮದ ಪ್ರಕಾರ ಜಾಗ ಬಿಟ್ಟುಕೊಟ್ಟವರಿಗೇ ಆ ಕೆಲಸ,” ಎನ್ನುತ್ತ ಅವರು ಮಾವನ ಕಡೆ ತಿರುಗಿದರು.

ಮಾವ ಒಲ್ಲೆ ಎನ್ನುತ್ತಾನೆಂದು ಅಳಿಯ ಕಾದ. ಮಾವನ ಕಣ್ಣು ಮಾತ್ರ ಕಾಲುವೆಯಿಂದ ಕದಲಲಿಲ್ಲ.

“ಅಂಗಡೀನ ಹಿಂದಿನ ಬೀದಿಗೆ ಸಾಗಿಸಿದರಾಯ್ತು,” ಎಂದ ಮಾವ, ಹೊಂಡದೊಳಗಿಂದಲೇ ಅಂಗಡಿಯ ಬೀಗದಕೈ ಗೊಂಚಲನ್ನು ಅಳಿಯನ ಕಡೆಗೆ ಚಾಚುತ್ತ. “ಬೆಳಿಗ್ಗೆ ಬೇಗ ಬಂದುಬಿಡು. ಎಲ್ಲ ನೀನೊಬ್ನೇ ನೋಡ್ಕೋಬೇಕು, ನಂಗಿನ್ನು ಪುರುಸೊತ್ತಿರಲ್ಲ.”