‘ಬ್ಯಾಡ’ದ ಉದ್ದ

ಒಂದೇ ವಿಷಯವನ್ನು ವರ್ಷಾನುಗಟ್ಟಲೆ ಕಲಿಸಿದವನಿಗೆ ಆ ವಿಷಯ ಬಂದೇ ಬರುತ್ತದೆ ಎಂದು ಊರು ನಂಬುತ್ತದೆ. ಊರಿನ ನಂಬಿಕೆ ಕೆಡಿಸುವುದು ಸಜ್ಜನರ ಲಕ್ಷಣವಲ್ಲವೆಂದು ನಾನೂ ಸುಮ್ಮನಿದ್ದೆ. ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರನಾಗಿ ನನ್ನ ದಿನಗಳು ಹೀಗೇ ನೆಮ್ಮದಿಯಿಂದ ಸಾಗಿದ್ದವು. ಇನ್ನೇನು ನಿವೃತ್ತಿ ಕಣ್ಣಿಗೆ ಬಿತ್ತು ಎನ್ನುವಷ್ಟರಲ್ಲಿ ಮೇಲಿನವರಿಗೆ ನನ್ನ ಉಚ್ಚಾರಣೆಯ ಚಿಂತೆ ಹತ್ತಿತು. ಶನಿವಾರ ಶನಿವಾರ ಹಾವೇರಿಯಲ್ಲಿ ಧ್ವನಿಲಿಪಿಯ ತರಬೇತಿ, ತಪ್ಪದೇ ಹಾಜರಾಗತಕ್ಕದ್ದು ಎಂದು ಆದೇಶ ಬಂತು. ಇಷ್ಟು ವರ್ಷ ಕಲಿಸಿದ್ದನ್ನು ಈಗ ಕಲಿಯಬೇಕಲ್ಲ ಎಂದು ಹಳಹಳಿಸುತ್ತ ಹೋದೆ.

ಧ್ವನಿಲಿಪಿ ಎಂದರೆ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಬರೆಯುವ ವಿದ್ಯೆ. ಒಂದು ಸದ್ದಿಗೆ ಒಂದು ಗುರುತು, ಅಷ್ಟೆ. ಹೇಳಲು ಸುಲಭ. ಆದರೆ ಆ ಗುರುತುಗಳನ್ನು ನೋಡಿದರೆ ಇಂಗ್ಲಿಷ್ ಅಕ್ಷರಗಳೆಲ್ಲ ಹೋಳಿಗೆ ಊಟ ಮಾಡಿ ಎಲ್ಲೆಂದರಲ್ಲಿ ಉರುಳಿಕೊಂಡಂತೆ ಕಾಣುತ್ತವೆ. ಒಂದು e ತಲೆಕೆಳಗಾಗಿದೆ. ಒಂದು n ಗೆ ಬಾಲ ಬಂದಿದೆ. ಇನ್ನೊಂದು ಕಡೆ a ಮತ್ತು e ಎರಡೂ ನಾಚಿಕೆಯಿಲ್ಲದೆ ತೆಕ್ಕೆಬಿದ್ದು æ ಆಗಿವೆ. ಸ್ವರ ಉದ್ದವಾದರೆ ಅದರ ಮುಂದೆ ಎರಡು ಚುಕ್ಕೆ ಇಡಬೇಕು. ನಾನು ಅದನ್ನು ವಿಸರ್ಗವೆಂದೇ ತಿಳಿದು, ‘ಕಾರ್’ ಎಂಬ ಶಬ್ದವನ್ನು ಎದ್ದು ನಿಂತು ‘ಕಾಃ’ ಎಂದು ಗಂಭೀರವಾಗಿ ಓದಿದೆ. ಹಿಂದಿನ ಸಾಲಿನವರು ಮಂಗಳಾರತಿ ಶುರುವಾಯಿತೆಂದು ಕೈಮುಗಿದರು.

ಕಲಿಸುವವರು ಮೈಸೂರು ಕಡೆಯ ಯುವಕರೊಬ್ಬರು. ತೆಳ್ಳಗಿನ ಮೈಗೆ ‘ಸಂಪನ್ಮೂಲ ವ್ಯಕ್ತಿ’ ಎಂಬ ಭಾರದ ಹೆಸರು. ತೆಕ್ಕೆಬಿದ್ದ ಆ ಜೋಡಿಯನ್ನು ಹಲಗೆಯ ಮೇಲೆ ಬರೆದು, “ಈ ಸ್ವರ ಕನ್ನಡದವರಿಗೆ ಬರೋದು ಕಷ್ಟ ಸಾರ್. ಬ್ಯಾಂಕ್ ಅನ್ನೋವಾಗ ಮಧ್ಯೆ ಒಂದು ಯಕಾರ ತುರುಕಿಬಿಡ್ತೀವಿ” ಎಂದರು. ರಾಣೆಬೆನ್ನೂರಿನಿಂದ ಬರುತ್ತಿದ್ದ ಸುಮಂಗಲಾ ಟೀಚರ್ ಕೂತಲ್ಲಿಂದಲೇ, “ನಮಗ ಬರತೈತ್ರಿ ಸರ್. ಬ್ಯಾಳಿ, ಬ್ಯಾಸಗಿ, ಪ್ಯಾಟಿ, ಬ್ಯಾಡ. ಮುಂಜಾನಿಂದ ಸಂಜಿತನಾ ಅದ ನಡದಿರತೈತಿ” ಎಂದರು. ಯುವಕರು ಒಂದೊಂದನ್ನೂ ಮತ್ತೆ ಅನ್ನಿಸಿ, ಕಿವಿಗೊಟ್ಟು ಕೇಳಿ, ಹೌದಲ್ಲ ಎಂದು ಬೆರಗಾದರು. “ನಮ್ಮ ಊರಿನ ಹೆಸರ ಅದರಿಂದ ಚಾಲೂ ಆಗತೈತ್ರಿ” ಎಂದು ನಾನೂ ಸೇರಿಸಿದೆ. ಲಂಡನ್ನಿನವರ ಸ್ವರವೊಂದು ನಮ್ಮ ಮನೆಯ ಬೇಳೆ ಡಬ್ಬಿಯಲ್ಲೇ ಇದ್ದದ್ದು ತಿಳಿದ ಮೇಲೆ ನಾವೆಲ್ಲ ಸ್ವಲ್ಪ ಎದೆಯುಬ್ಬಿಸಿಕೊಂಡೇ ಊಟಕ್ಕೆ ಹೋದೆವು.

ಅದರ ಫಲವಾಗಿ ಹೋಮ್‌ವರ್ಕ್ ಬಂತು. ಮನೆಯವರ ಸಹಜ ಮಾತನ್ನು ಮೊಬೈಲಿನಲ್ಲಿ ಹಿಡಿದು, ಧ್ವನಿಲಿಪಿಯಲ್ಲಿ ಬರೆದು, ಮುಂದಿನ ಶನಿವಾರ ಹಲಗೆಯ ಮೇಲೆ ತೋರಿಸಬೇಕು. ನಮ್ಮ ಮನೆಯಲ್ಲಿ ಮಾತಿಗೇನು ಬರ? ನನ್ನ ಹೆಂಡತಿ ಗಿರಿಜಾ ಮಾತಿಗೆ ಶುರುವಿಟ್ಟರೆ ಕುಕ್ಕರು ಕೂಡ ಸೀಟಿ ಹೊಡೆಯಲು ಸಂದಿ ಕಾಯುತ್ತದೆ. ಆದರೆ ಮೊಬೈಲು ಎದುರಿಗೆ ಹಿಡಿದದ್ದೇ ತಡ, ಅವಳು ಸೆರಗು ಸರಿಮಾಡಿಕೊಂಡು, “ನಮಸ್ಕಾರ. ನಾನು ಈಗ ರೊಟ್ಟಿಯನ್ನು ತಟ್ಟುತ್ತಿದ್ದೇನೆ” ಎಂದಳು. ಸಹಜವಾಗಿ ಮಾತಾಡು ಎಂದೆ. “ಸಹಜವಾಗಿಯೇ ಮಾತನಾಡುತ್ತಿದ್ದೇನೆ” ಎಂದಳು. ಹೀಗೆ ಎರಡು ದಿನ ಮನೆಯಲ್ಲಿ ಪಠ್ಯಪುಸ್ತಕ ಓಡಾಡಿತು. ಕೊನೆಗೆ ಮೊಬೈಲನ್ನು ರೊಟ್ಟಿ ಬುಟ್ಟಿಯ ಹಿಂದೆ ಅಡಗಿಸಿಟ್ಟೆ. ಸಿಕ್ಕಿದ್ದು ಬರೀ ಸೀನು. ಮಾರ್ಕೆಟ್ಟಿಗೆ ಮೆಣಸಿನಕಾಯಿ ಬರುವ ಕಾಲದಲ್ಲಿ ನಮ್ಮ ಊರಿನಲ್ಲಿ ಮಾತಿಗಿಂತ ಸೀನು ಹೆಚ್ಚು. ಅದಕ್ಕೂ ಒಂದು ಗುರುತು ಇರಬಹುದೆಂದು ಪುಸ್ತಕವನ್ನೆಲ್ಲ ಹುಡುಕಿದೆ, ಇರಲಿಲ್ಲ. ಈ ವಿದ್ಯೆ ಕಂಡುಹಿಡಿದವರು ಬ್ಯಾಡಗಿಗೆ ಬಂದಿಲ್ಲವೆಂದು ಸಮಾಧಾನ ಮಾಡಿಕೊಂಡೆ.

ಆ ವಾರವೇ ಗಿರಿಜಾಳ ದವಡೆ ಹಲ್ಲು ನೋಯತೊಡಗಿತ್ತು. ಕೀಳಲೇಬೇಕೆಂದು ರಾಣೆಬೆನ್ನೂರಿನ ಡಾಕ್ಟರು ಶನಿವಾರ ಮಧ್ಯಾಹ್ನ ಬರಹೇಳಿದ್ದರು. ಗಿರಿಜಾ ಯಾರಿಗೂ ಹೆದರುವವಳಲ್ಲ, ನಮ್ಮ ಹೆಡ್‌ಮಾಸ್ತರರೇ ಅವಳನ್ನು ಕಂಡರೆ ಓಣಿ ಬದಲಿಸುತ್ತಾರೆ. ಹೆದರಿಕೆ ಏನಿದ್ದರೂ ಸೂಜಿಗೆ. ಮಗಳಿಗೆ ಲಸಿಕೆ ಹಾಕಿಸಿದ ದಿನ ಮಗಳು ಸುಮ್ಮನಿದ್ದಳು, ಇವಳು ಅತ್ತಳು. ಶುಕ್ರವಾರ ಸಂಜೆ ರೊಟ್ಟಿ ತಟ್ಟುತ್ತ, ಬುಟ್ಟಿಯ ಹಿಂದೆ ಮೊಬೈಲು ಇರುವುದು ತಿಳಿಯದೆ, ಅವಳೆಂದಳು: “ನಾಳಿ ಹಲ್ಲು ಕೀಳ್ತಾರ. ಸೂಜಿ ಬ್ಯಾರೆ ಚುಚ್ಚತಾರಂತ. ನಿಮ್ಮದು ತರಬೇತಿ ಐತಲ್ಲ, ನೀವು ಬರೂದು ಬ್ಯಾ…ಡ ಬಿಡ್ರಿ. ನಾ ಒಬ್ಬಾಕಿನ ಹೋಗಿ ಬರ್ತೇನಿ.”

“ಆತು” ಎಂದೆ.

ಎಂಥ ಸ್ವರ ಸಿಕ್ಕಿತು ಅಂತೀರಿ! ‘ಬ್ಯಾರೆ’ಯಲ್ಲೊಂದು, ‘ಬ್ಯಾಡ’ದಲ್ಲೊಂದು. ಅದರಲ್ಲೂ ಆ ‘ಬ್ಯಾಡ’ ಎಷ್ಟು ಉದ್ದವಿತ್ತೆಂದರೆ ಎರಡು ಚುಕ್ಕೆ ಸಾಲದೆ ಮತ್ತೆರಡು ಇಟ್ಟೆ. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಮತ್ತೆ ಮತ್ತೆ ಕೇಳಿದೆ. ಪ್ರಾಮಾಣಿಕತೆ ಇರಲೆಂದು ನನ್ನ ‘ಆತು’ವನ್ನೂ ಕೆಳಗೆ ಬರೆದೆ. ಗಿರಿಜಾ ಆ ಸಂಜೆ ಸೌಟನ್ನು ತಾಟಿಗೆ ಕುಕ್ಕಿ ಕುಕ್ಕಿ ಊಟ ಬಡಿಸಿದಳು. ಹಲ್ಲುನೋವಿನ ಸಿಟ್ಟು ಎಂದುಕೊಂಡೆ.

ಮರುದಿನ ಹಾವೇರಿಯಲ್ಲಿ ನನ್ನ ಸರದಿ ಮೊದಲೇ ಬಂತು. ಹಲಗೆ ತುಂಬ ಬರೆದೆ. ಯುವಕರು ಓದಿ ತಲೆದೂಗಿದರು. ಆಮೇಲೆ ಆ ಸಾಲು ಚುಕ್ಕೆಗಳ ಮೇಲೆ ಬೆರಳಿಟ್ಟು, “ಇಲ್ಲಿ ಯಾಕೆ ಇಷ್ಟೊಂದು ಸಾರ್? ಬೇಡ ಅಂದ್ರೆ ಬೇಡ. ಅದಕ್ಕೆ ಇಷ್ಟು ಉದ್ದ ಎಳೀಬೇಕಾ?” ಎಂದರು. “ಮನಿಯಾಕಿ ಹಂಗ ಅಂದಾಳ್ರಿ” ಎಂದೆ.

ಸುಮಂಗಲಾ ಟೀಚರ್ ಎದ್ದು ನಿಂತರು. “ಸರ್, ಗಿಡ್ಡ ಬ್ಯಾಡ ಅಂದ್ರ ಬ್ಯಾಡ. ಇಷ್ಟುದ್ದ ಬ್ಯಾಡ ಅಂದ್ರ ಬರ್ರಿ ಅಂತ ಅರ್ಥ.” ಹೆಣ್ಣುಮಕ್ಕಳೆಲ್ಲ ಹೂಂಗುಟ್ಟಿದರು. ಗಂಡಸರು ಹಲಗೆಯನ್ನು ಹೊಸದಾಗಿ ನೋಡುವಂತೆ ನೋಡಿದರು. ಯುವಕರು, ಸ್ವರದ ಉದ್ದದಿಂದ ಅರ್ಥವೇ ತಿರುಗುಮುರುಗು ಆಗುವ ಉದಾಹರಣೆ ಸಿಕ್ಕಿತೆಂದು ಖುಷಿಯಿಂದ ಬರೆದುಕೊಳ್ಳತೊಡಗಿದರು. ಟೀಚರ್ ಅಷ್ಟಕ್ಕೇ ಬಿಡಲಿಲ್ಲ. “ಅದರ ಕೆಳಗ ‘ಆತು’ ಅಂತ ಐತಲ್ರಿ, ಅಷ್ಟು ಲಗೂ ಆತು ಅಂದ ಪುಣ್ಯಾತ್ಮ ಯಾರ್ರಿ? ಒಮ್ಮೆ ತೋರಸ್ರಿ ಅಂವನ್ನ!”

ನಾನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಪರೀಕ್ಷಿಸತೊಡಗಿದೆ. ಕ್ಲಾಸಿಗೆ ಉತ್ತರ ಸಿಕ್ಕಿತು.

ಹಲ್ಲು ಕೀಳುವುದು ಮಧ್ಯಾಹ್ನ ಎಂದು ನನ್ನಿಂದ ತಿಳಿದು, “ಇನ್ನೂ ಟೈಮ್ ಐತ್ರಿ, ಹೋಗ್ರಿ” ಎಂದು ಟೀಚರೇ ನನ್ನ ಚೀಲ ತಂದುಕೊಟ್ಟರು. ಊಟ ಬಿಟ್ಟು ರಾಣೆಬೆನ್ನೂರಿನ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಕೂತಾಗ ನಿಜವಾಗಿಯೂ ನಾಚಿಕೆಯಾಯಿತು. ಹೆಂಡತಿಯ ಮಾತನ್ನು ಅಷ್ಟು ಗಮನವಿಟ್ಟು ಜನ್ಮದಲ್ಲಿ ಕೇಳಿರಲಿಲ್ಲ. ನಾಲಗೆ ಎಲ್ಲಿತ್ತು, ತುಟಿ ಹೇಗಿತ್ತು, ಎಲ್ಲ ಹಿಡಿದಿದ್ದೆ. ಅವಳು ಹೆದರಿದ್ದಾಳೆ ಎನ್ನುವುದೊಂದನ್ನು ಬಿಟ್ಟು. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳಿದಷ್ಟೂ ಸೂಜಿಯ ಮುಂದೆ ಒಬ್ಬಳೇ ಕೂತ ಗಿರಿಜಾ ಕಣ್ಣಿಗೆ ಬಂದಳು.

ದವಾಖಾನೆಗೆ ಓಡಿಹೋದಾಗ ಅವಳ ಹೆಸರು ಕರೆಯುತ್ತಿದ್ದರು. ನನ್ನನ್ನು ಕಂಡವಳೇ, “ಯಾಕ ಬಂದ್ರಿ? ನಾ ಅಂದಿದ್ದಿಲ್ಲೇನು?” ಎಂದಳು. ಅನ್ನುತ್ತಲೇ ನನ್ನ ಮುಂಗೈ ಹಿಡಿದದ್ದನ್ನು ಬಿಡಲಿಲ್ಲ. ಬೆರಳುಗಳ ಗುರುತು ಬೀಳುವಷ್ಟು ಬಿಗಿ ಹಿಡಿತ. ನಾನೂ ಹೆಮ್ಮೆಯಿಂದ ಒಳಗೆ ಹೋಗಿ ಕುರ್ಚಿಯ ಪಕ್ಕ ನಿಂತು, “ಹೆದರಬ್ಯಾಡ, ನಾ ಅದೇನಿ” ಎಂದೆ. ಡಾಕ್ಟರು ಸೂಜಿ ಎತ್ತಿದರು. ಅದು ನಾನೆಣಿಸಿದ್ದಕ್ಕಿಂತ ಉದ್ದವಿತ್ತು. ಗಿರಿಜಾ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ, ಅದೇ ತಪ್ಪಾಯಿತು.

ಎಚ್ಚರವಾದಾಗ ಹೊರಗಿನ ಬೆಂಚಿನ ಮೇಲೆ ಮಲಗಿದ್ದೆ. ಹಲ್ಲು ಕೀಳಿಸಿಕೊಂಡು ಬಂದ ಗಿರಿಜಾ ದವಡೆಯಲ್ಲಿ ಹತ್ತಿ ಕಚ್ಚಿಕೊಂಡು ತನ್ನ ಸೆರಗಿನಿಂದ ನನಗೆ ಗಾಳಿ ಹಾಕುತ್ತಿದ್ದಳು. ನರ್ಸ್ ಬಂದು, “ಸರ್, ಭಾಳ ಸುಸ್ತಾಗೀರಿ. ಒಂದು ಬಿಸಿ ಚಾ ತರಸ್ಲೇನ್ರಿ?” ಎಂದಳು. ಮಧ್ಯಾಹ್ನದ ಊಟವಿಲ್ಲದೆ ಹೊಟ್ಟೆ ಚುರುಗುಡುತ್ತಿತ್ತು. ಆದರೂ ಮರ್ಯಾದೆ ಎಂಬುದೊಂದಿದೆಯಲ್ಲ. ಆದಷ್ಟು ಉದ್ದ ಎಳೆದು, “ಬ್ಯಾ…ಡ ಬಿಡ್ರಿ” ಎಂದೆ.

ತರಿಸಲೋ ಬೇಡವೋ ಎಂದು ನರ್ಸ್ ಗಿರಿಜಾಳ ಮುಖ ನೋಡಿದಳು. ಗಿರಿಜಾ ನನ್ನನ್ನೊಮ್ಮೆ ನೋಡಿ, ಹತ್ತಿಯನ್ನು ದವಡೆಯ ಒಂದು ಬದಿಗೆ ಸರಿಸಿಕೊಂಡು, ತುಟಿ ಜೋಮು ಹಿಡಿದಿದ್ದರೂ ತಡಮಾಡದೆ ಲಗೂನೆ, “ಆಉ” ಎಂದಳು. ಅದರಲ್ಲಿ ‘ಆತು’ವಿನ ತಕಾರವೇ ಇರಲಿಲ್ಲ. ಆದರೂ ನರ್ಸಿಗೆ ಪೂರ್ತಿ ಅರ್ಥವಾಯಿತು, ಚಹಾ ಬರಲಿಲ್ಲ.