ಚಿಕ್ಕಮ್ಮನ ಮೂರು ಬೆರಳಿನ ರೈಲು

ನನ್ನ ಚಿಕ್ಕಮ್ಮನ ಮನೆಗೆ ನೀವು ಹೋಗುವುದಾದರೆ ಒಂದು ಎಚ್ಚರಿಕೆ. ಹೊಸ್ತಿಲು ದಾಟುವ ಮೊದಲು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿಕೊಳ್ಳಿ. ರೈಲು ಬರುತ್ತಿರಬಹುದು!

ನಗಬೇಡಿ. ನಕ್ಕವರೆಲ್ಲ ಅನುಭವಿಸಿದ್ದಾರೆ. ಮದುವೆಗೆ ಕರೆಯಲು ಬಂದ ದೊಡ್ಡ ಮನುಷ್ಯರೊಬ್ಬರು ಇನ್ನೇನು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಚಿಕ್ಕಮ್ಮ ಮೂಲೆಯಿಂದ, "ಹ್ವಾಯ್, ಅಲ್ಲೇ ನಿಲ್ಲಿ! ಗಾಡಿ ಬಪ್ಪು ಹೊತ್ತ್!" ಎಂದು ಕೂಗಿದಳು. ಪಾಪ, ಆ ಮನುಷ್ಯ ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತರು. ಅವರ ಮುಂದಿನಿಂದ ಒಂದು ಇಂಜಿನ್, ಅದರ ಹಿಂದೆ ಪೌಡರ್ ಡಬ್ಬಿ ಕೊರೆದು ಮಾಡಿದ ಮೂರು ಬೋಗಿಗಳು ಘಮಘಮ ಪರಿಮಳ ಬೀರುತ್ತ ಸಾಗಿ ಅಡುಗೆಮನೆಯೊಳಗೆ ಮರೆಯಾದವು. ಚಿಕ್ಕಮ್ಮ ಏನೂ ಆಗದವಳಂತೆ, "ಈಗ ಬನ್ನಿ. ಚಾ ಕುಡಿತ್ರ್ಯಾ?" ಎಂದಳು.

ಕಿರಿಮಂಜೇಶ್ವರದಲ್ಲಿ, ಹೆದ್ದಾರಿಗೂ ಕಡಲಿಗೂ ನಡುವೆ ಇರುವ ಹೆಂಚಿನ ಮನೆ ಅದು. ಒಳಗಿರುವವರು ಮೂವರು. ನನ್ನ ಅಮ್ಮನ ತಂಗಿಯಾದ ಈ ಚಿಕ್ಕಮ್ಮ. ಮೀನಿನ ಬೋಟು ನಡೆಸುವ ತಾಂಡೇಲರಾದ ಚಿಕ್ಕಪ್ಪ. ಮತ್ತು ಚಿಕ್ಕಪ್ಪನ ತಾಯಿ, ಬಾಯಲ್ಲಿ ಹಲ್ಲಿಲ್ಲದಿದ್ದರೂ ನಾಲಿಗೆಗೆ ಯಾವ ಕೊರತೆಯೂ ಇಲ್ಲದ ಅಜ್ಜಿ. ಮಗಳು ಮದುವೆಯಾಗಿ ಬ್ರಹ್ಮಾವರ ಸೇರಿದ್ದಾಳೆ. ಮಗಳು ಹೋದ ಮೇಲೆ ಬೇರೆ ಅಮ್ಮಂದಿರು ಬೇಸರ ಕಳೆಯಲು ಟೀವಿ ಹಚ್ಚುತ್ತಾರೆ, ಹೊಲಿಗೆ ಮೆಷಿನ್ ತರುತ್ತಾರೆ. ನನ್ನ ಚಿಕ್ಕಮ್ಮ ರೈಲ್ವೆ ಇಲಾಖೆಯನ್ನೇ ತಂದಳು!

ಶುರುವಾದದ್ದು ಮುಂಬಯಿಯಲ್ಲಿ. ಚಿಕ್ಕಪ್ಪನ ಕಡೆಯವರ ಮದುವೆಗೆ ಹೋಗಿದ್ದವರು ಮರುದಿನ ಮಾಥೇರಾನ್ ಬೆಟ್ಟ ನೋಡಲು ಹೊರಟರಂತೆ. ಅಲ್ಲಿಗೆ ಹತ್ತುವುದು ಒಂದು ಪುಟ್ಟ ರೈಲು. ನ್ಯಾರೋ ಗೇಜ್, ಅಂದರೆ ಸಪೂರ ಹಳಿಯದ್ದು. ಎಲ್ಲರೂ ಕಣಿವೆ ನೋಡುತ್ತಿದ್ದರೆ ಇವಳು ಕಿಟಕಿಯಿಂದ ಕತ್ತು ಹೊರಹಾಕಿ ಚಕ್ರ ನೋಡುತ್ತಿದ್ದಳಂತೆ. ಇಳಿದ ಮೇಲೆ ಎಲ್ಲರೂ ಮಂಗಗಳ ಜೊತೆ ಫೋಟೋ ತೆಗೆಸಿಕೊಂಡರೆ ಇವಳು ಹಳಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಸೆರಗಿನಿಂದ ಅಗಲ ಅಳೆದು, "ಕಾಣಿ, ಎರ್ಡೇ ಅಡಿ! ನಮ್ಮ್ ಅಡ್ಗಿಮನಿ ಬಾಗಿಲಗೂ ಹೋತ್ತ್!" ಎಂದು ಕೂಗಿದಳಂತೆ. ಚಿಕ್ಕಪ್ಪ ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಕಡಲಿನಲ್ಲಿ ಗಾಳಿ ತಿರುಗುವುದನ್ನು ಮೂಗಿನಲ್ಲೇ ಹಿಡಿಯುವ ಮನುಷ್ಯ, ಪಕ್ಕದಲ್ಲಿದ್ದ ಹೆಂಡತಿಯ ಗಾಳಿ ತಿರುಗಿದ್ದನ್ನು ಹಿಡಿಯಲಿಲ್ಲ!

ಒಂದು ತಿಂಗಳಲ್ಲಿ ಆ ಗಾಳಿ ಕುಂದಾಪುರಕ್ಕೂ ಬೀಸಿತು. ಅಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಒಂದು ಬೆಳಿಗ್ಗೆ ಚಿಕ್ಕಮ್ಮ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಸುರುಳಿ ಸುತ್ತಿಕೊಂಡು ಬಂದಿಳಿದಳು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಮನೆಯ ನಕ್ಷೆ, ಅದರ ತುಂಬ ಜಿಲೇಬಿಯಂಥ ಗೆರೆಗಳು.

"ಇದನ್ನ ದೊಡ್ಡ್ ಮಾಡ್ ಮಗಾ."

ಮಾಡಿದೆ.

"ಇನ್ನೂ ದೊಡ್ಡ್."

ಮಾಡಿದೆ. ಹಿಂದೆ ಆಧಾರ್ ಕಾರ್ಡ್ ಹಿಡಿದ ಗಿರಾಕಿಗಳು ಸಾಲುಗಟ್ಟಿದ್ದರು. "ಎಷ್ಟ್ ದೊಡ್ಡ್ ಬೇಕ್ ಚಿಕ್ಕಮ್ಮ?" ಎಂದು ಕೇಳಿದೆ.

"ಮನಿಯಷ್ಟ್!"

ತಮಾಷೆ ಎಂದುಕೊಂಡೆ. ತಮಾಷೆ ಆಗಿರಲಿಲ್ಲ. ತುಂಡು ತುಂಡಾಗಿ ಹಿಗ್ಗಿಸಿದ ಹಾಳೆಗಳನ್ನೆಲ್ಲ ಅವಳು ಗಂಜಿಯಿಂದ ಅಂಟಿಸಿ, ಮನೆಯ ಮುಂಭಾಗದ ಚಾವಡಿಯಿಂದ ಅಡುಗೆಮನೆಯವರೆಗೆ ನೆಲಕ್ಕೆ ಹಾಸಿದಳು. ಅದನ್ನು ತುಳಿಯುವ ಹಾಗಿಲ್ಲ. ಅಜ್ಜಿ ಬಚ್ಚಲಿಗೆ ಹೋಗಬೇಕಾದರೆ ಗೋಡೆ ಹಿಡಿದು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಾಯಿತು. ಕಡಲಿನಿಂದ ಬಂದ ಚಿಕ್ಕಪ್ಪ ಬಾಗಿಲಲ್ಲೇ ನಿಂತು ಕೇಳಿದರು: "ಎಂತ ಹೆಣೆ ಇದ್, ಮನಿ ಪಾರ್ಸೆಲ್ ಕಟ್ತ್ಯಾ?"

ನನಗೂ ಒಂದು ಅನುಮಾನವಿತ್ತು. ಊರಿನಲ್ಲೇ ದಿನವೂ ಅಷ್ಟು ದೊಡ್ಡ ದೊಡ್ಡ ರೈಲು ಓಡುತ್ತಿರುವಾಗ ಅದರ ಮಾದರಿ ಬಿಟ್ಟು ಈ ಸಪೂರದ್ದೇ ಏಕೆ?

"ಅದಕ್ಕೆ ತಿರ್ಗುಕೆ ನಾಕ್ ಮನಿ ಜಾಗ ಬೇಕ್ ಮಗಾ," ಎಂದಳು ಚಿಕ್ಕಮ್ಮ. "ನ್ಯಾರೋ ಗೇಜ್ ಅಂದ್ರೆ ನಮ್ಮ್ ಅತ್ತಿ ಹಾಂಗೆ. ಸಪೂರ. ಎಂಥಾ ಮೂಲೆಯಗೂ ತಿರ್ಗತ್ತ್. ಮತ್ತೆ, ಕೂಗು ಮಾತ್ರ ಜೋರ್!"

ಒಳಗಿನಿಂದ ಅಜ್ಜಿಯ ಕೂಗು ಬಂತು: "ಎಂತ ಹೆಣೆ, ನನ್ನ್ ಸುದ್ದಿಯಾ?"

ಆಮೇಲೆ ಅಧ್ಯಯನ ಪ್ರವಾಸ. ನನ್ನ ಸ್ಕೂಟರಿನ ಹಿಂದೆ ಕೂತು ಬೈಂದೂರು ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅರ್ಧ ದಿನ ಕೂತು ಕಂಬ, ಗಡಿಯಾರ, ನಲ್ಲಿ ಎಲ್ಲವನ್ನೂ ದಿಟ್ಟಿಸಿದಳು. ಚಹಾ ಮಾರುವವನು ಎರಡು ಗಾಡಿ ಹೋಗುವವರೆಗೂ ಸಹಿಸಿ, ಮೂರನೆಯದಕ್ಕೆ ಕೇಳಿಯೇ ಬಿಟ್ಟ: "ಅಮ್ಮಾ, ನಿಮ್ದ್ ಯಾವ ಗಾಡಿ?"

"ನಮ್ದ್ ಇನ್ನೂ ಪಾರ್ಸೆಲ್ಲಗೆ ಬಪ್ಪುದಷ್ಟೆ," ಎಂದಳು ಚಿಕ್ಕಮ್ಮ. ಅವನು ಮತ್ತೆ ನಮ್ಮ ಹತ್ತಿರ ಸುಳಿಯಲಿಲ್ಲ.

ಪಾರ್ಸೆಲ್ಲೂ ಬಂತು. ಕರೆಂಟಿನಲ್ಲಿ ಓಡುವ ಇಂಜಿನ್, ಮೂರು ಬೆರಳಗಲದ ಹಳಿಗಳು. ಉಳಿದದ್ದೆಲ್ಲ ಸ್ವದೇಶಿ. ಆದರೆ ಹಳಿ ಹಾಕಲು ಹೋದರೆ ಎದುರಾಯಿತು ನೋಡಿ, ದೇಶಕ್ಕೆಲ್ಲ ಎದುರಾಗುವ ಸಮಸ್ಯೆ: ಭೂಸ್ವಾಧೀನ! ಚಾವಡಿಯಲ್ಲಿ ಹಳಿ ತಿರುಗಬೇಕಾದ ಜಾಗದಲ್ಲೇ ಚಿಕ್ಕಪ್ಪನ ಆರಾಮ ಕುರ್ಚಿ.

"ಅಷ್ಟ್ ದೊಡ್ಡ್ ಕಡಲಗೆ ನಂಗ್ ಜಾಗ ಇತ್ತ್. ಮನಿಯಗೆ ಒಂದ್ ಕುರ್ಚಿಗೆ ಜಾಗ ಇಲ್ಯಾ?" ಚಿಕ್ಕಪ್ಪ ಗುಡುಗಿದರು.

"ಪರಿಹಾರ ಕೊಡ್ತೆ," ಎಂದಳು ಚಿಕ್ಕಮ್ಮ. "ದಿನಾ ಒಂದ್ ಬಂಗ್ಡೆ ಫ್ರೈ ಹೆಚ್ಚಿಗೆ."

ಚಿಕ್ಕಪ್ಪ ಎದ್ದು ತಾವೇ ಕುರ್ಚಿ ಎತ್ತಿ ಪಕ್ಕಕ್ಕಿಟ್ಟರು. ದೇಶದ ಎಲ್ಲ ಯೋಜನೆಗಳೂ ಬಂಗಡೆಯಿಂದಲೇ ಮುಗಿಯುವುದಾಗಿದ್ದರೆ!

ಅಜ್ಜಿ ಅಷ್ಟು ಅಗ್ಗದವಳಲ್ಲ. ಅವಳದು ನಿಲುಗಡೆ ಹೋರಾಟ. "ಗಾಡಿ ನನ್ನ್ ಮಂಚದ್ ಹತ್ರ ನಿಲ್ಕ್. ನಿಲ್ಲದಿದ್ರೆ ನಾನ್ ಹಳಿ ಮೇಲೆ ಮಲ್ಕಂತೆ!" ಎಂದು ಘೋಷಿಸಿ, ನಿಜವಾಗಿಯೂ ಚಾಪೆ ಹಿಡಿದು ಹೊರಟಳು. ಕೂಡಲೇ ನಕ್ಷೆ ತಿದ್ದುಪಡಿಯಾಯಿತು. ಅಲ್ಲೊಂದು ಸ್ಟೇಷನ್ ಎದ್ದಿತು. ಹೆಸರು 'ಅಜ್ಜಿ ರೋಡ್'. ಊರಿನ ಹೆಸರಿನ ಕೊನೆಗೆ 'ರೋಡ್' ಇದ್ದರೆ ಆ ಸ್ಟೇಷನ್ ಊರಿನಿಂದ ದೂರ ಎಂದು ಅರ್ಥವಷ್ಟೆ? ಇಲ್ಲೂ ಅಷ್ಟೇ. ಮಂಚದಿಂದ ಎಷ್ಟು ಬಗ್ಗಿದರೂ ಅಜ್ಜಿಯ ಕೈಗೆ ಬೋಗಿ ಎಟುಕುತ್ತಿರಲಿಲ್ಲ. ಕುಂದಾಪುರದ ಸ್ಟೇಷನ್ನಿನಿಂದ ಪೇಟೆಗೆ ಪೆಟ್ಟಿಗೆ ಹೊತ್ತ ನಾನು ಅಜ್ಜಿಯ ಕಷ್ಟವನ್ನು ಚೆನ್ನಾಗಿ ಬಲ್ಲೆ.

ನ್ಯಾರೋ ಗೇಜ್ ಎಂದ ಮೇಲೆ ಬೆಟ್ಟ ಬೇಡವೇ? ಮಗಳ ಹಳೆಯ ಕೋಣೆಯಲ್ಲಿ ಬೆಟ್ಟ ಏಳತೊಡಗಿತು. ಬೋಟಿನ ಹರಿದ ಬಲೆಯನ್ನು ಕೋಲುಗಳ ಮೇಲೆ ಹೊದಿಸಿ, ಅದಕ್ಕೆ ಪ್ಲಾಸ್ಟರ್ ಬಳಿದು, ಹಸಿರು ಬಣ್ಣ ಹೊಡೆದು, ನಡುವೆ ಒಂದು ಸುರಂಗ ಕೊರೆದು... ನೋಡಲು ಸಾಕ್ಷಾತ್ ಕೊಡಚಾದ್ರಿ. ಮೂಸಿದರೆ ಮಾತ್ರ ಸಾಕ್ಷಾತ್ ಮೀನು ಮಾರ್ಕೆಟ್! ಎಷ್ಟು ತೊಳೆದರೂ ಬಲೆ ತನ್ನ ಜಾತಿ ಬಿಡುತ್ತದೆಯೇ? ವಾರದೊಳಗೆ ಊರಿನ ಬೆಕ್ಕುಗಳೆಲ್ಲ ಬೆಟ್ಟಕ್ಕೆ ಯಾತ್ರೆ ಬಂದವು. ಮೊದಲ ಸಲ ಸುರಂಗದಲ್ಲಿ ಇಂಜಿನ್ ನುಗ್ಗಿಸಿದಾಗ ಆ ಕಡೆಯಿಂದ ಹೊರಬಂದದ್ದು ಇಂಜಿನ್ ಅಲ್ಲ, ಬಾಲ ನೆಟ್ಟಗಾದ ಒಂದು ಬೋಳು ಕಿವಿಯ ಗಂಡು ಬೆಕ್ಕು. ಇಂಜಿನ್ ಆಮೇಲೆ ಸಾವಕಾಶವಾಗಿ ಬಂತು.

ಇನ್ನು ಉದ್ಘಾಟನೆ. ಬ್ರಹ್ಮಾವರದಿಂದ ಮಗಳು ಅಳಿಯ ಬಂದರು. ಮುಖ್ಯ ಅತಿಥಿ ನಾನು, ಏಕೆಂದರೆ ಬೇರೆ ಯಾರೂ ಒಪ್ಪಲಿಲ್ಲ. ಹೊಸ ಬೋಟು ಕಡಲಿಗಿಳಿಸಿದ ಅನುಭವವಿದ್ದ ಚಿಕ್ಕಪ್ಪ, "ಕಾಯಿ ಒಡೀದೇ ಎಂಥಾ ಉದ್ಘಾಟನೆ?" ಎಂದು ಇಂಜಿನ್ನಿನ ಮುಂದೆ ಫಳಾರನೆ ತೆಂಗಿನಕಾಯಿ ಒಡೆದರು. ಕಾಯಿಯಲ್ಲಿ ನೀರು ಧಾರಾಳವಾಗಿತ್ತು. ಅದು ನೇರ ಹರಿದು ಪ್ಲಗ್ ಬೋರ್ಡಿನೊಳಗೆ ಹೋಯಿತು. ಟಪ್! ಇಡೀ ಮನೆಯ ಕರೆಂಟು ಹೋಯಿತು. ಉದ್ಘಾಟನೆಯೂ ಮುಕ್ತಾಯವೂ ಒಂದೇ ಕ್ಷಣದಲ್ಲಿ ನೆರವೇರಿದ ರೈಲು ಮಾರ್ಗ ಭೂಮಿಯ ಮೇಲೆ ಇನ್ನೊಂದು ಇದೆಯೇ?

ಫ್ಯೂಸ್ ಹಾಕಿ ಮತ್ತೆ ಬಿಟ್ಟಾಗ ರೈಲು ಅಡುಗೆಮನೆಯಿಂದ ಅಜ್ಜಿಯ ಎಲೆ ಅಡಿಕೆ ಹೊತ್ತು ಗಂಭೀರವಾಗಿ ಹೊರಟಿತು. ಚಾವಡಿಯ ತಿರುವಿನಲ್ಲಿ ಏನೋ ತಗಲಿ ಮೂರೂ ಬೋಗಿ ಮಗುಚಿದವು. ಅಡಿಕೆ ಚೆಲ್ಲಾಪಿಲ್ಲಿ. ಚಿಕ್ಕಮ್ಮ ಸ್ಥಳದಲ್ಲೇ ತನಿಖೆ ನಡೆಸಿ ವರದಿ ಕೊಟ್ಟಳು: ಅಪಘಾತಕ್ಕೆ ಕಾರಣ ಹಳಿಯ ಮೇಲಿದ್ದ ಚಿಕ್ಕಪ್ಪನ ಹೆಬ್ಬೆರಳು.

"ಬೆರಳಿಗೆ ಪೆಟ್ಟಾಯ್ತ್ ಮಾರಾಯ್ತಿ!" ಚಿಕ್ಕಪ್ಪ ಕಾಲು ಹಿಡಿದು ಕುಪ್ಪಳಿಸುತ್ತಿದ್ದರು.

"ನನ್ನ್ ಬೋಗಿಗೆ ಆಯ್ಲಿಲ್ಯಾ?" ಎಂದಳು ಚಿಕ್ಕಮ್ಮ.

ಅಂದಿನಿಂದ ಆ ಮನೆ ಗಡಿಯಾರ ನೋಡುವುದನ್ನು ಬಿಟ್ಟಿತು. ಬೆಳಗಿನ ಗಾಡಿ ಹೋದರೆ ಗಂಜಿ, ಮಧ್ಯಾಹ್ನದ ಗಾಡಿ ಬಂದರೆ ಊಟ. ಚಾವಡಿಯಿಂದ ಹೊರಟು, ಕೋಣೆಯ ಬೆಟ್ಟ ಹತ್ತಿಳಿದು, ಅಡುಗೆಮನೆಯಲ್ಲಿ ಕಣ್ಣಿಗೆ ಮರೆಯಾಗಿ, ಅಜ್ಜಿ ರೋಡ್ ಮುಟ್ಟಿ, ಮತ್ತೆ ಚಾವಡಿಗೆ. ಕರೆಂಟು ಹೋದರೆ ಚಿಕ್ಕಮ್ಮ ನೆಲದ ಮೇಲೆ ಮಂಡಿಯೂರಿ ಬೆರಳಿನಿಂದ ತಳ್ಳಿಕೊಂಡೇ ಗಾಡಿಯನ್ನು ಮನೆ ಮುಟ್ಟಿಸುತ್ತಿದ್ದಳು. "ದಾರಿಯಗೆ ಬಿಡುಕಾಗ", ಯಾವ ಗಾಡಿಯನ್ನೂ ನಡುದಾರಿಯಲ್ಲಿ ಬಿಡಬಾರದು ಎನ್ನುವುದು ಅವಳ ಇಲಾಖೆಯ ಏಕೈಕ ಕಾನೂನು. ಅದಕ್ಕೂ ನಾವು ನಗುತ್ತಿದ್ದೆವು. ಊರಿನವರಿಗೆಲ್ಲ ಹೇಳಿ ನಗಿಸುತ್ತಿದ್ದೆವು.

ಈ ಸಲ ಮಳೆಗಾಲ ಕಳೆದು ಬೋಟುಗಳು ಕಡಲಿಗಿಳಿದವು. ಚಿಕ್ಕಪ್ಪನೂ ಹೋದರು. ಬುಧವಾರ ಬರಬೇಕಿತ್ತು, ಬರಲಿಲ್ಲ. ಗುರುವಾರ ಗಾಳಿ ಎದ್ದಿತು. ಜೊತೆಗೆ ಹೋದ ಬೋಟುಗಳು ಒಂದೊಂದಾಗಿ ಬಂದು ಗಂಗೊಳ್ಳಿ ಬಂದರು ಸೇರಿದವು. ಚಿಕ್ಕಪ್ಪನ ಬೋಟನ್ನು ಕಂಡವರಿಲ್ಲ. ಫೋನು ಸಿಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಅಂಗಡಿ ಮುಚ್ಚಿ ಹೋದೆ.

ಅಂಗಳದಲ್ಲಿ ಜನ ಸೇರಿದ್ದರು. ಒಳಗೆ ಅಜ್ಜಿ ಮಂಚದ ಮೇಲೆ ಸುಮ್ಮನೆ ಕೂತಿದ್ದಳು. ಅಷ್ಟು ಸುಮ್ಮನಿದ್ದ ಅಜ್ಜಿಯನ್ನು ನಾನು ಎಂದೂ ಕಂಡಿರಲಿಲ್ಲ. ಚಾವಡಿಯ ನೆಲದ ಮೇಲೆ, ಗೋಡೆಗೆ ಒರಗಿ, ಚಿಕ್ಕಮ್ಮ ರೈಲು ಬಿಡುತ್ತಿದ್ದಳು.

ನಿಲ್ಲಿಸುತ್ತಲೇ ಇರಲಿಲ್ಲ. ಬರುವುದು, ಹೋಗುವುದು. ಸಂಕಟಕ್ಕೋ ಸಿಟ್ಟಿಗೋ ನನ್ನ ಬಾಯಿಂದ ಬಂದುಬಿಟ್ಟಿತು: "ಇವತ್ತೂ ರೈಲಾ ಚಿಕ್ಕಮ್ಮ?"

ಅವಳು ತಿರುಗಿ ನೋಡಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ಕಣ್ಣು ನೆಟ್ಟು ಹೇಳಿದಳು:

"ನಾನ್ ಈ ಮನಿಗ್ ಬಂದಾಗಿಂದ ಕಾಯ್ತಾ ಇದ್ದೆ ಮಗಾ. ಹೋಪುದ್ ಗೊತ್ತಾತ್ತ್. ಬಪ್ಪುದ್ ಯಾವಾಗ ಅಂದೇಳಿ ಕಡಲ್ ಯಾರಿಗೂ ಹೇಳುದಿಲ್ಲ. ಇದೊಂದ್ ಕಾಣ್... ಕಣ್ಣಿಗ್ ಮರೆ ಆದ್ರೂ, ಹೋದ್ದ್ ಬತ್ತ್."

ಇಂಜಿನ್ ಅಡುಗೆಮನೆಯಿಂದ ಹೊರಬಂತು. ಅವಳು ಉಸಿರು ಬಿಟ್ಟಳು. ಅದು ಮತ್ತೆ ಹೋಯಿತು. ನಾನು ಅವಳ ಪಕ್ಕದಲ್ಲಿ ಕೂತೆ.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಇಂಜಿನ್ ಕೆಟ್ಟು ತೇಲುತ್ತಿದ್ದ ಬೋಟನ್ನು ಇನ್ನೊಂದು ಬೋಟಿನವರು ಕಂಡು, ಹಗ್ಗ ಕಟ್ಟಿ ಗಂಗೊಳ್ಳಿಗೆ ಎಳೆದು ತಂದಿದ್ದಾರೆ. ಎಲ್ಲರೂ ಕ್ಷೇಮ. ಅಂಗಳದಲ್ಲಿ ಗಲಾಟೆಯೆದ್ದಿತು, ಅಜ್ಜಿ ಜೋರಾಗಿ ಅತ್ತಳು. ಚಿಕ್ಕಮ್ಮ ಮಾತ್ರ, "ಕರ್ಕಂಡ್ ಬಾ" ಎಂದಷ್ಟೇ ಹೇಳಿ ಸ್ವಿಚ್ಚಿನ ಮೇಲಿನ ಕೈ ತೆಗೆಯದೆ ಕೂತಳು.

ಸ್ಕೂಟರಿನಲ್ಲಿ ಚಿಕ್ಕಪ್ಪನನ್ನು ಕರೆತಂದೆ. ಉಪ್ಪುಗಟ್ಟಿದ ಗಡ್ಡ, ಕೆಂಪು ಕಣ್ಣು. ಒಳಗೆ ಬಂದವರು ತಾಯಿಯ ತಲೆ ಮುಟ್ಟಿ, ಆಮೇಲೆ ಚಿಕ್ಕಮ್ಮನ ಎದುರು ನೆಲದ ಮೇಲೆ ಕೂತರು. ಗಾಡಿ ಒಂದು ಸುತ್ತು ಮುಗಿಸಿ ಅವರ ಮೊಣಕಾಲಿನ ಹತ್ತಿರ ಬಂತು. ಚಿಕ್ಕಪ್ಪ ಕೈ ಚಾಚಿ ಇಂಜಿನ್ನನ್ನು ಎತ್ತಿಕೊಂಡರು. ಎತ್ತಿದವರೇ ಬೆಚ್ಚಿ ಅಂಗೈಯಿಂದ ಅಂಗೈಗೆ ಹಾಕಿದರು. ಅದರ ಚಕ್ರಗಳು ಗಾಳಿಯಲ್ಲಿ ಇನ್ನೂ ಸ್ವಲ್ಪ ತಿರುಗುತ್ತಿದ್ದವು.

"ಇದ್ರ ಮೈ ಸುಡ್ತಾ ಇತ್ತಲ್ಲೇ," ಎಂದರು ಮೆತ್ತಗೆ. ಅವಳ ಮುಖ ನೋಡಿದರು. "ಇನ್ನ್ ಸಾಕ್ ಹೆಣೆ. ಅದೂ ಒಂದ್ ಗಳಿಗೆ ಮಲ್ಕಣ್ಲಿ. ನಾನ್ ಬಂದೆ ಅಲ್ದಾ?"

ಚಿಕ್ಕಮ್ಮ ಸ್ವಿಚ್ ಆರಿಸಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಅನ್ನಕ್ಕಿಡಲು ಎದ್ದು ಹೋದಳು.