ನೆಂಟನ ಟೋಪಿ

"ಆ ಗೂಟಕ್ಕೆ ಬೇಡಪ್ಪಾ. ಗೂಟ ಮನೆಯವರಿಗೆ. ನೆಂಟರ ಟೋಪಿ ಹಾಸಿಗೆ ಮೇಲೆ," ಎಂದು ಸಲೋಮಿ, ಏಲಮ್‌ನ ಕೈಯಿಂದ ಟೋಪಿ ಕಿತ್ತುಕೊಂಡು ಒಳಕೋಣೆಗೆ ಒಯ್ದಳು.

ಭಾನುವಾರದ ಪ್ರಾರ್ಥನೆ ಮುಗಿಸಿ ಆಗಷ್ಟೇ ಬಂದಿದ್ದರು. ನಮ್ಮ ಗಂಡಸರು ಬರಿತಲೆಯಲ್ಲಿ ರಸ್ತೆಗಿಳಿಯುವವರಲ್ಲ, ಟೋಪಿ ಹೋಯಿತೆಂದರೆ ಕಾಲು ಕಟ್ಟಿದಂತೆಯೇ ಎಂದು ಏಲಮ್‌ಗೆ ಗೊತ್ತಾಯಿತು.

ಏಲಮ್ ನೋಲ್ಟ್ ಪೆನ್ಸಿಲ್ವೇನಿಯಾದಲ್ಲಿ ಕುದುರೆಗಳ ಜೀನು ಹೊಲಿಯುವವನು. ಮೂವತ್ತು ದಾಟಿದರೂ ಬ್ರಹ್ಮಚಾರಿ. ಬಾಡಿಗೆ ವ್ಯಾನಿನಲ್ಲಿ ತನ್ನ ಕಡೆಯ ಮೆನೊನೈಟ್ ಪಂಥದ ಕ್ರೈಸ್ತರ ಜೊತೆ ಕೆನಡಾದ ನಮ್ಮ ಒಂಟಾರಿಯೊಗೆ ಬಂದು, ಯೂರಿಯಸ್ ಮತ್ತು ಸಲೋಮಿ ಬೌಮನ್ ದಂಪತಿಯ ಮನೆಯಲ್ಲಿ ಇಳಿದಿದ್ದ. ನೆಂಟರಿಷ್ಟರನ್ನು ನೋಡಲು ಬಂದೆ ಎಂದು ಹೇಳಿಕೊಂಡಿದ್ದ. ನಿಜವಾಗಿ ಬಂದದ್ದು ಹೊಳೆಯಾಚೆಯ ಲೊವೀನಾ ಫ್ರೇಗಾಗಿ. ಕಳೆದ ವರ್ಷ ತನ್ನೂರಿನ ಮದುವೆಯೊಂದಕ್ಕೆ ಬಂದಿದ್ದ ಅವಳನ್ನು ಏಲಮ್ ಮೆಲ್ಲಗೆ ಒಂದು ಮಾತು ಕೇಳಿದ್ದ. "ಉತ್ತರ ಬೇಕಾದ್ರೆ ನಮ್ಮನೆಗೇ ಬಂದು ಕೇಳು," ಎಂದಿದ್ದಳು. ಇವತ್ತು ನಾಲ್ಕಕ್ಕೆ ವ್ಯಾನು ವಾಪಸ್ಸು.

ಹೋಗುತ್ತೇನೆ ಎಂದು ಹೇಳಿಬಿಡಬಹುದಿತ್ತಲ್ಲ ಎನ್ನಬೇಡಿ. ಪ್ರಾರ್ಥನಾಮಂದಿರದಲ್ಲಿ ಸಾರುವ ತನಕ ನಮ್ಮಲ್ಲಿ ಮದುವೆಯ ಮಾತು ಹೆತ್ತವರಿಗೂ ಗೊತ್ತಾಗಬಾರದು. ಗೊತ್ತಾದರೂ ಗೊತ್ತಿಲ್ಲದವರ ಹಾಗೆ ಇರಬೇಕು. ಸಲೋಮಿಯ ಕಿವಿಗೆ ಬಿದ್ದರಂತೂ ಸಂಜೆ ಹಾಲು ಕರೆಯುವ ಹೊತ್ತಿಗೆ ಹಸುಗಳಿಗೂ ತಿಳಿದಿರುತ್ತಿತ್ತು.

"ಸ್ವಲ್ಪ ಅಡ್ಡಾಡ್ಕೊಂಡು ಬರ್ತೀನಿ," ಎಂದ ಏಲಮ್.

"ಒಬ್ಬನೇ ಯಾಕೆ, ನಾವಿಲ್ವಾ?" ಎಂದು ಯೂರಿಯಸ್ ಎದ್ದ. ಅವನ ಹಿಂದೆ ಐದಾರು ಗಂಡಸರು ಎದ್ದರು. ಹಂದಿಗಳನ್ನೆಲ್ಲ ಒಂದೊಂದಾಗಿ ತೋರಿಸಿ ಮತ್ತೆ ತಂದು ಮೇಜಿನ ಮುಂದೆ ಕೂರಿಸಿದರು.

"ತಲೆ ನೋಯ್ತಿದೆ, ಗಾಳಿಗೆ ಹೋಗ್ಬೇಕು."

"ಹೊಟ್ಟೆ ಖಾಲಿ ಇದ್ರೆ ತಲೆ ನೋಯ್ದೆ ಇನ್ನೇನಾಗತ್ತೆ," ಎಂದು ಸಲೋಮಿ ಪುದೀನ ಚಹಾದ ಜೊತೆ ಸೇಬಿನ ಪೈ ಇಟ್ಟಳು. "ನಿಮ್ಮೂರಲ್ಲಿ ಊಟ ಹಾಕಲ್ವಾ? ಜೀನಿನ ಪಟ್ಟಿ ಹಾಗಿದೀಯ."

ಪೆನ್ಸಿಲ್ವೇನಿಯಾದ ನೆಂಟ ಬಂದಿದ್ದಾನೆ ಎಂಬ ಸುದ್ದಿಗೆ ಕುದುರೆ ಬಗ್ಗಿಗಳು ಒಂದರ ಹಿಂದೆ ಒಂದು ಅಂಗಳಕ್ಕೆ ಬಂದವು. ಬಂದವರೆಲ್ಲ ಅವನ ಅಜ್ಜಿಯ ತವರು ಕೇಳಿದರು, ಅವನ ತಟ್ಟೆಗೆ ಏನಾದರೂ ಹಾಕಿದರು. ಬೀಟ್ರೂಟ್ ಉಪ್ಪಿನಕಾಯಿ, ಸಾಸೇಜು, ಮತ್ತೆ ಪೈ. ಏಲಮ್ ಹುಲ್ಲು ತುಂಬಿದ ಚೀಲದಂತೆ ಕೂತಿದ್ದ. ಗಡಿಯಾರ ಎರಡೂವರೆ ದಾಟಿತು.

ದೇವರೇ ದಾರಿ ತೋರಿಸಿದ. ಊಟಕ್ಕೆ ಮುಂಚಿನ ಮೌನ ಪ್ರಾರ್ಥನೆಯ ಹಾಗೆ ಊಟದ ನಂತರವೂ ನಮ್ಮಲ್ಲಿ ಒಂದುಂಟು. ಯೂರಿಯಸ್ ತಲೆ ತಗ್ಗಿಸಿದ. ಎಲ್ಲರೂ ಕಣ್ಣು ಮುಚ್ಚಿದರು. ಏಲಮ್ ಒಂದೇ ಕಣ್ಣು ಮುಚ್ಚಿ, ಕ್ಷಮಿಸಪ್ಪಾ ಎಂದು ಮೇಲಿನವನಿಗೆ ಹೇಳಿ, ತುದಿಗಾಲಲ್ಲಿ ಒಳಕೋಣೆಗೆ ಹೋದ. ಕರಿ ಟೋಪಿಗಳ ರಾಶಿಯಲ್ಲಿ ಅಗಲ ಅಂಚಿನದು ತನ್ನದೊಂದೇ. ಎತ್ತಿಕೊಂಡು ಹಿತ್ತಲಿನಿಂದ ಹಾರಿದ.

ನಾಯಿ ಬೊಗಳಿತು. ಜೇಬಿನಲ್ಲಿ ಸಲೋಮಿ ತುರುಕಿದ್ದ ಸಾಸೇಜು ಇತ್ತು. ನಾಯಿ ಅವನ ಪಕ್ಷಕ್ಕೆ ಬಂತು. ಜೋಳದ ಹೊಲ ದಾಟಿ ರಸ್ತೆಗೆ ಬಂದರೆ ಎದುರಿಗೆ ಇನ್ನೊಂದು ಬಗ್ಗಿ, ಒಂದು ಕಾಲು ಬಿಳಿಯಿದ್ದ ಕಂದು ಕುದುರೆ. ಇವರ ಕೈಗೆ ಸಿಕ್ಕರೆ ಮತ್ತೆ ಪೈ. ಚರಂಡಿಯಲ್ಲಿ ಬೋರಲು ಮಲಗಿ ಬಗ್ಗಿ ಹಾದುಹೋಗುವ ತನಕ ಉಸಿರು ಬಿಡಲಿಲ್ಲ. ಎದ್ದಾಗ ಮೈಯೆಲ್ಲ ಕೆಸರು, ಮುಖದಲ್ಲಿ ನಗು.

ಸೇತುವೆ ಸಲೋಮಿಯ ಅಡುಗೆಮನೆಗೆ ಕಾಣುತ್ತಿತ್ತು. ಹಾಗಾಗಿ ನೀರಿಗೇ ಇಳಿದ. ಸೊಂಟದ ತನಕ ನೀರು. ಗಾಳಿ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಹೋದರೆ ಹೋಗಲಿ. ರಾಜ್ಯ ಗೆದ್ದವನ ಗತ್ತಿನಲ್ಲಿ ಏಲಮ್ ಫ್ರೇ ಅವರ ಜಗಲಿ ಹತ್ತಿದ. ಅಲ್ಲಿ ಲೊವೀನಾಳ ಅಜ್ಜ ಅನಾನಿಯಸ್ ಒಬ್ಬನೇ ಕೂತಿದ್ದ.

"ಯಾರಪ್ಪಾ ನೀನು, ಮನುಷ್ಯನಾ ಮೀನಾ? ಬಿಚ್ಚು ಆ ಪ್ಯಾಂಟು. ಒದ್ದೆ ಬಟ್ಟೇಲಿ ನೆಂಟನ್ನ ಕೂರಿಸಿದ್ರೆ ನನ್ನ ಮಾನ ಏನಾಗ್ಬೇಕು."

ಪ್ಯಾಂಟು ಒಲೆಯ ಪಕ್ಕ ಸೇರಿತು. ಏಲಮ್ ರಜಾಯಿ ಸುತ್ತಿಕೊಂಡು ಕೂತ. ಮುಂದೆ ಪೈ ಬಂತು.

"ಮನೇಲಿ… ಎಲ್ಲಾ ಇದಾರಾ ತಾತ?"

"ಎಲ್ಲಿ? ಯೂರಿಯಸ್ ಮನೆಗೆ ಪೆನ್ಸಿಲ್ವೇನಿಯಾದಿಂದ ಅದ್ಯಾರೋ ಬಂದಿದಾನಂತೆ, ನೋಡೋಕ್ಕೆ ಹೋದ್ರು. ನಮ್ಮ ಲೊವೀನಾ ಮಾತ್ರ ಮನೇಲೇ ಇರ್ತೀನಿ ಅಂತ ಬೆಳಗ್ಗೆಯಿಂದ ಹಟ. ಯಾಕೇ ಅಂತ ಅವಳಮ್ಮ ಕೇಳಿದ್ರೆ ಬಾಯೇ ಬಿಡ್ಲಿಲ್ಲ. ಎಳ್ಕೊಂಡು ಹೋದ್ರು."

ಏಲಮ್ ಪೈ ತಟ್ಟೆ ಕೆಳಗಿಟ್ಟ. "ಕುದುರೆಗೆ… ಒಂದು ಕಾಲು ಬಿಳೀನಾ?"

"ಹೌದಲ್ಲಪ್ಪಾ. ನೋಡಿದ್ಯಾ?"

ಓಡಲು ಎದ್ದರೆ ರಜಾಯಿ ಜಾರಿತು. ಅಷ್ಟರಲ್ಲಿ ರಸ್ತೆಯಲ್ಲಿ ಗೊರಸಿನ ಸದ್ದು. ಬಿಳಿ ಕಾಲಿನ ಕುದುರೆ ಮುಂದೆ, ಹಿಂದೆ ಊರಿನ ಬಗ್ಗಿಗಳೆಲ್ಲ ಸಾಲಾಗಿ, ಕೊನೆಗೆ ವ್ಯಾನು. ಎಲ್ಲರಿಗಿಂತ ಮೊದಲು ಒಳನುಗ್ಗಿದವಳು ಸಲೋಮಿ.

"ಟೋಪಿ ಮಾತ್ರ ಹೊಳೇಲಿ ತೇಲ್ತಿದೆ, ಮನುಷ್ಯ ಇಲ್ಲ. ಕೆಸರಲ್ಲಿ ಹೆಜ್ಜೆ ಹುಡುಕ್ಕೊಂಡು ಬಂದ್ರೆ ಇಲ್ಲಿ ಪೈ ತಿಂತಾ ಕೂತಿದಾನೆ. ನನ್ನ ಪೈಗೆ ಏನಾಗಿತ್ತಪ್ಪಾ?"

ಏಲಮ್ ಜಾರುತ್ತಿದ್ದದ್ದನ್ನು ಎದೆಯ ತನಕ ಎಳೆದುಕೊಂಡ. ಇಷ್ಟು ಜನರ ಮುಂದೆ, ರಜಾಯಿಯಲ್ಲಿ, ಏನೆಂದು ಕೇಳುವುದು? ಹೊರಗೆ ವ್ಯಾನಿನ ಹಾರನ್ ಕೂಗಿತು.

ಲೊವೀನಾ ಒಳಗೆ ಬಂದಳು. ಕೈಯಲ್ಲಿ ಅಗಲ ಅಂಚಿನ ಒದ್ದೆ ಟೋಪಿ. ಅವನ ಕಡೆ ನೋಡಲೂ ಇಲ್ಲ. ನೇರವಾಗಿ ಬಾಗಿಲ ಪಕ್ಕಕ್ಕೆ ಹೋಗಿ, ಖಾಲಿಯಿದ್ದ ಗೂಟಕ್ಕೆ ಟೋಪಿ ಹಾಕಿದಳು.

"ಅಲ್ಯಾಕೆ ಹಾಕ್ತೀಯ?" ಎಂದಳು ಸಲೋಮಿ. "ನೆಂಟರ ಟೋಪಿ ಹಾಸಿಗೆ ಮೇಲಲ್ವೇನೇ?"

"ಹೌದು ಸಲೋಮಿ ಅತ್ತೆ. ನೆಂಟರದ್ದಾದ್ರೆ ಹಾಸಿಗೆ ಮೇಲೇ," ಎಂದು ಲೊವೀನಾ ಟೋಪಿಯ ಅಂಚು ನೆಟ್ಟಗೆ ಮಾಡಿದಳು.

ಸಲೋಮಿಯ ಬಾಯಿ ತೆರೆದದ್ದು ಹಾಗೇ ನಿಂತಿತು. ಒಂದಕ್ಷರ ಹೊರಡದೆ ಅದು ಮುಚ್ಚಿದ್ದನ್ನು ಊರು ನೋಡಿದ್ದು ಅದೇ ಮೊದಲು.

ಪ್ಯಾಂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಏಲಮ್ ಅದನ್ನು ಹೆಗಲಿಗೆ ಹಾಕಿಕೊಂಡು, ರಜಾಯಿ ಸುತ್ತಿಕೊಂಡು, ಬರಿತಲೆಯಲ್ಲಿ, ಕಿರೀಟ ಇಟ್ಟವನ ಹಾಗೆ ವ್ಯಾನು ಹತ್ತಿದ. ಸಲೋಮಿ ಅವನ ತೊಡೆಯ ಮೇಲೆ ಒಂದು ಇಡೀ ಪೈ ಇಟ್ಟು, ಬಾಗಿಲು ಹಾಕಿದಳು.